ವಿಶ್ವಾಸಿ ಹಚ್ಚೆ ಹಾಕಿಸಿಕೊಳ್ಳಬಹುದೇ? ಸೂಜಿ ತಾಗುವ ಮುನ್ನ ನೋಡಿಕೊಳ್ಳಬೇಕಾದದ್ದು

ಕ್ರೈಸ್ತ ಸಭೆಯ ಯುವಕರ ಕೂಟದಲ್ಲಿ ಈ ಪ್ರಶ್ನೆ ಎದ್ದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ‘ಬೈಬಲಿನಲ್ಲಿ ಯಾಜಕಕಾಂಡ 19:28 ಓದು, ಹಚ್ಚೆ ಬೇಡವೆಂದಿದೆ, ಅಲ್ಲಿಗೆ ಮುಗೀತು’ ಎನ್ನುವುದು ಒಂದು. ‘ಅದೆಲ್ಲ ಹಳೆ ಒಡಂಬಡಿಕೆ, ಈಗ ಕೃಪೆಯ ಕಾಲ’ ಎನ್ನುವುದು ಇನ್ನೊಂದು. ಎರಡೂ ಅವಸರದ ಉತ್ತರಗಳೇ. ಹಚ್ಚೆ ಹಾಕಿಸಿಕೊಳ್ಳಬೇಕೆಂದು ಯೋಚಿಸುತ್ತಿರುವ ವಿಶ್ವಾಸಿಗೂ, ಮಗ ಬಂದು ಕೇಳಿದಾಗ ಏನು ಹೇಳಬೇಕೆಂದು ತಿಳಿಯದ ತಂದೆತಾಯಿಗೂ ಬೇಕಾಗಿರುವುದು ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಎಂಬ ಕ್ರಮ. ಇಲ್ಲಿ ಕೊಟ್ಟಿರುವುದು ಅದು. ಯಾವುದಾದರೂ ಒಂದು ಹಂತದಲ್ಲಿ ‘ಬೇಡ’ ಎಂದು ಸ್ಪಷ್ಟವಾಗಿ ಅನ್ನಿಸಿದರೆ ಮುಂದಿನದನ್ನು ಓದುವ ಅಗತ್ಯವೂ ಇಲ್ಲ.

ಮೊದಲು ವಚನ, ಅದರ ಅಕ್ಕಪಕ್ಕದ ವಚನಗಳ ಸಮೇತ

ಯಾಜಕಕಾಂಡದ 19ನೆಯ ಅಧ್ಯಾಯವನ್ನು ಪೂರ್ತಿ ಓದಿ. 37 ವಚನಗಳು, ಹತ್ತು ನಿಮಿಷ ಸಾಕು. 28ನೆಯ ವಚನ ಎರಡು ಮಾತು ಹೇಳುತ್ತದೆ: ಸತ್ತವರಿಗಾಗಿ ಮೈ ಗಾಯಮಾಡಿಕೊಳ್ಳಬಾರದು, ಹಚ್ಚೆ ಚುಚ್ಚಿಸಿಕೊಳ್ಳಬಾರದು. ಅದರ ಹಿಂದಿನ ವಚನ ತಲೆಯ ಸುತ್ತಲಿನ ಕೂದಲನ್ನೂ ಗಡ್ಡದ ಅಂಚನ್ನೂ ಕತ್ತರಿಸಬಾರದು ಎನ್ನುತ್ತದೆ. 19ನೆಯದು ಎರಡು ಬಗೆಯ ನೂಲು ಬೆರೆಸಿದ ಬಟ್ಟೆ ತೊಡಬಾರದು ಎನ್ನುತ್ತದೆ. ನಡುವೆ 18ನೆಯ ವಚನದಲ್ಲಿ ಕುಳಿತಿರುವುದು ‘ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಎಂಬ ಆಜ್ಞೆ. 29ನೆಯದು ಮಗಳನ್ನು ಸೂಳೆತನಕ್ಕೆ ತಳ್ಳಬಾರದು ಎನ್ನುತ್ತದೆ.

ಈಗ ಎರಡೂ ಪಕ್ಷದವರಿಗೆ ತೊಡಕು. ‘ವಚನದಲ್ಲಿದೆ, ಮುಗೀತು’ ಎನ್ನುವವರು ಬೆಳಿಗ್ಗೆ ಸಲೂನಿನಲ್ಲಿ ಗಡ್ಡ ಅಂಚು ಕಟ್ಟಿಸಿಕೊಂಡು, ಟೆರಿಕಾಟನ್ ಅಂಗಿ ತೊಟ್ಟು ಬಂದಿರುತ್ತಾರೆ. ‘ಹಳೆಯದು, ಬಿಟ್ಟುಬಿಡಿ’ ಎನ್ನುವವರು 18ನ್ನೂ 29ನ್ನೂ ಬಿಡುವುದಿಲ್ಲ. ಆದ್ದರಿಂದ ಕೇಳಬೇಕಾದ ನಿಜವಾದ ಪ್ರಶ್ನೆ ಮೋಶೆಯ ಧರ್ಮಶಾಸ್ತ್ರ ಇಂದಿನ ವಿಶ್ವಾಸಿಗೆ ಹೇಗೆ ಅನ್ವಯಿಸುತ್ತದೆ ಎಂಬುದು. ಇದಕ್ಕೆ ಸಭೆಗಳು ಕೊಡುವ ಉತ್ತರ ಮುಖ್ಯವಾಗಿ ಮೂರು ಬಗೆ.

ಧರ್ಮಶಾಸ್ತ್ರವನ್ನು ನೈತಿಕ, ಆಚರಣೆಯ ಮತ್ತು ನಾಗರಿಕ ಎಂದು ಮೂರು ಪಾಲು ಮಾಡಿ, ನೈತಿಕ ಪಾಲು ಮಾತ್ರ ಇಂದಿಗೂ ಬದ್ಧ ಎನ್ನುವುದು ಹಳೆಯ ದಾರಿ. ಹಚ್ಚೆಯ ವಚನ ಯಾವ ಪಾಲಿಗೆ ಸೇರುತ್ತದೆ ಎಂಬಲ್ಲಿ ಇವರಲ್ಲೇ ಒಮ್ಮತವಿಲ್ಲ. ಎರಡನೆಯವರ ಪ್ರಕಾರ ಇಡೀ ಧರ್ಮಶಾಸ್ತ್ರ ಕ್ರಿಸ್ತನಲ್ಲಿ ನೆರವೇರಿದೆ, ಹೊಸ ಒಡಂಬಡಿಕೆ ಮತ್ತೆ ಹೇಳಿದ್ದು ಮಾತ್ರ ನಮಗೆ ಆಜ್ಞೆ. ಅನ್ಯಜನರಿಂದ ಬಂದ ವಿಶ್ವಾಸಿಗಳ ಮೇಲೆ ಯಾವ ಭಾರ ಹೊರಿಸಬೇಕೆಂದು ಅಪೊಸ್ತಲರ ಕೃತ್ಯಗಳು 15ರಲ್ಲಿ ಯೆರೂಸಲೇಮಿನ ಹಿರಿಯರು ತೀರ್ಮಾನಿಸಿದಾಗ ಹಚ್ಚೆಯ ಮಾತು ಬರಲಿಲ್ಲ ಎಂಬುದನ್ನು ಇವರು ಎತ್ತಿ ತೋರಿಸುತ್ತಾರೆ. ದೇವರು ಒಮ್ಮೆ ಬೇಡವೆಂದದ್ದು ಯಾವ ಕಾಲಕ್ಕೂ ಬೇಡವೇ ಎನ್ನುವವರು ಮೂರನೆಯವರು. ಇವರನ್ನು ಹಗುರವಾಗಿ ಕಾಣಬೇಡಿ. ಆಜ್ಞೆಯ ಕಾರಣ ನಮಗೆ ಗೊತ್ತಾಗಲಿಲ್ಲವೆಂದ ಮಾತ್ರಕ್ಕೆ ಅದು ತೀರಿಹೋಯಿತೆಂದು ಹೇಳಲಾಗದು ಎಂಬ ಅವರ ಮಾತಿನಲ್ಲಿ ತೂಕವಿದೆ.

ಆಜ್ಞೆಯ ಹಿನ್ನೆಲೆ ಸ್ವಲ್ಪ ಮಟ್ಟಿಗೆ ತಿಳಿದಿದೆ. ಸತ್ತವರಿಗಾಗಿ ಮೈ ಕುಯ್ದುಕೊಳ್ಳುವುದು ಆ ನಾಡುಗಳ ಶೋಕಾಚಾರ. ಧರ್ಮೋಪದೇಶಕಾಂಡ 14:1 ಮತ್ತು ಯೆರೆಮೀಯ 16:6 ಅದನ್ನೇ ಹೆಸರಿಸುತ್ತವೆ. ಕರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳು ರಕ್ತ ಸೋರುವಂತೆ ಕುಯ್ದುಕೊಂಡದ್ದು 1 ಅರಸುಗಳು 18:28ರಲ್ಲಿದೆ. ಮೈಮೇಲಿನ ಗುರುತಿಗೆ ಇನ್ನೊಂದು ಬಳಕೆಯೂ ಇತ್ತು. ಬಾಬಿಲೋನಿನ ಉರುಕ್ ಪಟ್ಟಣದ ದೇವಾಲಯದ ಆಳುಗಳಿಗೆ ಇಷ್ಟಾರ್ ದೇವತೆಯ ನಕ್ಷತ್ರದ ಗುರುತು ಹಾಕಲಾಗುತ್ತಿತ್ತು. ಇವನು ಯಾರ ಸೊತ್ತು ಎಂದು ಹೇಳುವ ಗುರುತು ಅದು. ನಿಷೇಧ ಶೋಕಾಚಾರಕ್ಕೆ ಅಂಟಿದ್ದೋ ಒಡೆತನದ ಗುರುತಿಗೋ ಎಂಬಲ್ಲಿ ವಿದ್ವಾಂಸರು ಒಂದೇ ಮಾತಿನವರಲ್ಲ.

ನಮ್ಮ ಅಭಿಪ್ರಾಯ ಇಷ್ಟು. ಈ ಒಂದು ವಚನದ ಮೇಲೆ ನಿಂತು ಹಚ್ಚೆ ಇರುವವರನ್ನೆಲ್ಲ ಪಾಪಿಗಳೆನ್ನುವುದು ವಚನ ಹೊರುವುದಕ್ಕಿಂತ ಹೆಚ್ಚಿನ ಭಾರ. ಆದರೆ ಅದಕ್ಕೂ ನಮಗೂ ಸಂಬಂಧವಿಲ್ಲವೆಂದು ದಾಟಿಹೋಗುವುದೂ ಸರಿಯಲ್ಲ. ತೀರಿಕೊಂಡ ತಂದೆಯ ಮುಖ, ತಾಯಿಯ ಹೆಸರು, ಸಾವಿನ ದಿನಾಂಕವನ್ನು ತೋಳಿನ ಮೇಲೆ ಬರೆಸಿಕೊಳ್ಳುವವರು ಇಂದಿಗೂ ಬಹಳ. ವಚನ ಹೆಚ್ಚು ಹತ್ತಿರದಿಂದ ಮುಟ್ಟುವುದು ಇಲ್ಲಿಯೇ. ದುಃಖ ಹಸಿಯಾಗಿರುವಾಗ ಇಂಥದ್ದಕ್ಕೆ ಕೈಹಾಕಬೇಡಿ. ವರ್ಷದ ಪ್ರಾರ್ಥನೆ ಮುಗಿದ ಮೇಲೆ ಮತ್ತೆ ಯೋಚಿಸಿ.

ಎರಡೂ ಕಡೆಯವರು ತಪ್ಪಾಗಿ ಎಳೆದು ತರುವ ವಚನಗಳು

‘ನಿಮ್ಮ ದೇಹ ಪವಿತ್ರಾತ್ಮನಿಗೆ ಆಲಯ’ ಎಂಬ 1 ಕೊರಿಂಥ 6:19ನ್ನು ಹಚ್ಚೆಯ ವಿರುದ್ಧ ತಪ್ಪದೆ ಹೇಳುತ್ತಾರೆ. ಪೌಲನು ಅಲ್ಲಿ ಮಾತಾಡುತ್ತಿರುವುದು ಹಾದರದ ವಿಷಯ. ತತ್ವವನ್ನು ಹಚ್ಚೆಗೂ ಹಿಗ್ಗಿಸಬಹುದು, ಆದರೆ ಹಿಗ್ಗಿಸುವವರು ಗುಟ್ಕಾ, ಸಾರಾಯಿ, ಸಕ್ಕರೆ ಕಾಯಿಲೆಯಿದ್ದೂ ಬಿಡದ ಸಿಹಿತಿಂಡಿಯವರೆಗೂ ಹಿಗ್ಗಿಸಬೇಕು.

ಹಚ್ಚೆಯ ಪರ ಇರುವವರು ಯೆಶಾಯ 49:16ನ್ನು ತೋರಿಸುತ್ತಾರೆ: ದೇವರು ಚೀಯೋನನ್ನು, ಅಂದರೆ ಯೆರೂಸಲೇಮನ್ನು, ತನ್ನ ಅಂಗೈಯಲ್ಲಿ ಕೆತ್ತಿಕೊಂಡಿದ್ದಾನೆ. ಅದು ಮರೆಯಲಾರದ ಪ್ರೀತಿಯನ್ನು ಹೇಳುವ ರೂಪಕ, ನಮಗೆ ಕೊಟ್ಟ ಅನುಮತಿಯಲ್ಲ. ಪ್ರಕಟನೆ 19:16ರಲ್ಲಿ ಕ್ರಿಸ್ತನ ತೊಡೆಯ ಮೇಲೆ ಬರೆದಿರುವ ಹೆಸರೂ ದರ್ಶನದ ಭಾಷೆಯೇ. ಗಲಾತ್ಯ 6:17ರಲ್ಲಿ ಪೌಲನು ಹೇಳುವ ಯೇಸುವಿನ ಗುರುತುಗಳು ಏಟು ತಿಂದ ಗಾಯದ ಕಲೆಗಳು, ದುಡ್ಡು ಕೊಟ್ಟು ಹಾಕಿಸಿಕೊಂಡವಲ್ಲ. ಯೆಶಾಯ 44:5 ಮಾತ್ರ ಯೋಚಿಸುವಂತಿದೆ. ಒಬ್ಬನು ‘ನಾನು ಯೆಹೋವನವನು’ ಎಂದು ಕೈಯಲ್ಲಿ ಬರೆದುಕೊಳ್ಳುವನೆಂದು ಅಲ್ಲಿ ಮೆಚ್ಚುಗೆಯ ಧ್ವನಿಯಲ್ಲೇ ಬರುತ್ತದೆ. ಶಾಯಿಯಿಂದಲೋ ಸೂಜಿಯಿಂದಲೋ ಎಂದು ಹೇಳಿಲ್ಲ.

ಪ್ರಕಟನೆ 13ರ ಮೃಗದ ಗುರುತಿಗೆ ಹೆದರುವವರು ಆ ಅಧ್ಯಾಯದ 15ರಿಂದ 17ರವರೆಗಿನ ವಚನಗಳನ್ನು ಸೇರಿಸಿ ಓದಲಿ. ಆ ಗುರುತು ಮೃಗದ ಪೂಜೆಗೂ ಕೊಳ್ಳುವ ಮಾರುವ ಅಧಿಕಾರಕ್ಕೂ ಸಂಬಂಧಿಸಿದ್ದು. ಮಣಿಕಟ್ಟಿನ ಮೇಲಿನ ಶಿಲುಬೆ ಅದಲ್ಲ.

ನಿಜಕ್ಕೂ ಕೆಲಸಕ್ಕೆ ಬರುವ ಭಾಗಗಳು ರೋಮಾಪುರ 14 ಮತ್ತು 1 ಕೊರಿಂಥ 8ರಿಂದ 10. ಮನಸ್ಸಾಕ್ಷಿ ಒಪ್ಪದೆ ಮಾಡಿದ್ದು ಪಾಪ, ಎಲ್ಲಕ್ಕೂ ಅನುಮತಿಯಿದ್ದರೂ ಎಲ್ಲವೂ ಹಿತವಲ್ಲ, ನನ್ನ ಸ್ವಾತಂತ್ರ್ಯ ಸಹೋದರನಿಗೆ ಎಡವುಗಲ್ಲಾಗಬಾರದು. ಮುಂದಿನ ಹಂತಗಳೆಲ್ಲ ಈ ಮೂರು ಮಾತುಗಳ ಮೇಲೆ ನಿಂತಿವೆ.

ಸಭೆಯ ಚರಿತ್ರೆಯಲ್ಲಿ ಹಚ್ಚೆ

‘ಕ್ರೈಸ್ತರು ಯಾವತ್ತೂ ಹಚ್ಚೆ ಹಾಕಿಸಿಕೊಂಡವರಲ್ಲ’ ಎಂಬ ಮಾತು ನಿಜವಲ್ಲ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರಲ್ಲಿ ಬಲಗೈ ಮಣಿಕಟ್ಟಿನ ಒಳಬದಿಗೆ ಪುಟ್ಟ ಶಿಲುಬೆಯ ಹಚ್ಚೆ ಇಂದಿಗೂ ವಾಡಿಕೆ. ಬಹುಸಂಖ್ಯಾತರು ಬೇರೆ ಧರ್ಮದವರಾಗಿರುವ ನಾಡಿನಲ್ಲಿ ಅದು ಅಳಿಸಲಾಗದ ಗುರುತಿನ ಚೀಟಿ. ಮಕ್ಕಳಿಗೂ ಹಾಕಿಸುತ್ತಾರೆ. ಇಥಿಯೋಪಿಯ ಮತ್ತು ಎರಿಟ್ರಿಯಗಳಲ್ಲಿ ಹೆಂಗಸರ ಹಣೆಯ ಮೇಲೆ ಶಿಲುಬೆ ಕಾಣಸಿಗುತ್ತದೆ. ಬೋಸ್ನಿಯಾದ ಕ್ಯಾಥೋಲಿಕ್ ಹೆಂಗಸರು ತುರ್ಕರ ಆಳ್ವಿಕೆಯ ಕಾಲದಿಂದ ಕೈಗಳ ಮೇಲೆ ಶಿಲುಬೆಯ ಚಿತ್ತಾರ ಚುಚ್ಚಿಸಿಕೊಳ್ಳುತ್ತಿದ್ದರು.

ಯೆರೂಸಲೇಮಿಗೆ ಹೋದ ಯಾತ್ರಿಕರು ಹಚ್ಚೆ ಹಾಕಿಸಿಕೊಂಡು ಮರಳುವುದೂ ಹಳೆಯ ರೂಢಿ. ಸ್ಕಾಟ್ಲೆಂಡಿನ ಪ್ರವಾಸಿ ವಿಲಿಯಂ ಲಿತ್‌ಗೋ 1612ರಲ್ಲಿ ಅಲ್ಲಿ ಹಾಕಿಸಿಕೊಂಡ. ಮುಂದೆ ಏಳನೆಯ ಎಡ್ವರ್ಡ್ ದೊರೆಯಾದ ಇಂಗ್ಲೆಂಡಿನ ಯುವರಾಜ 1862ರಲ್ಲಿ ತೋಳಿನ ಮೇಲೆ ಯೆರೂಸಲೇಮ್ ಶಿಲುಬೆ ಹಾಕಿಸಿಕೊಂಡ: ನಡುವೆ ಒಂದು ದೊಡ್ಡ ಶಿಲುಬೆ, ನಾಲ್ಕು ಮೂಲೆಗೆ ನಾಲ್ಕು ಚಿಕ್ಕವು. ಅಲ್ಲಿನ ರಝ್ಝೂಕ್ ಎಂಬ ಕಾಪ್ಟಿಕ್ ಮನೆತನ ಮರದ ಅಚ್ಚುಗಳನ್ನಿಟ್ಟುಕೊಂಡು ಈ ಕಸುಬನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದೆ. ಅಚ್ಚನ್ನು ಮಸಿಯಲ್ಲಿ ಅದ್ದಿ ಚರ್ಮಕ್ಕೆ ಒತ್ತಿ, ಗೆರೆಯ ಮೇಲೆ ಚುಚ್ಚುವುದು ಕ್ರಮ.

ಇನ್ನೊಂದು ಬದಿಯೂ ಇದೆ. ಶಿಕ್ಷೆಗೊಳಗಾದವರ ಮುಖದ ಮೇಲೆ ಗುರುತು ಚುಚ್ಚಬಾರದು, ಅದು ಸ್ವರ್ಗೀಯ ಸೌಂದರ್ಯದ ಹೋಲಿಕೆಯಲ್ಲಿ ರೂಪುಗೊಂಡದ್ದು ಎಂದು ಚಕ್ರವರ್ತಿ ಕಾನ್‌ಸ್ಟಂಟೈನ್ 316ರ ಸುಮಾರಿಗೆ ಆಜ್ಞೆ ಹೊರಡಿಸಿದ. ಕೈಗೂ ಮೀನಖಂಡಕ್ಕೂ ಹಾಕಬಹುದೆಂದು ಅದೇ ಆಜ್ಞೆ ಹೇಳಿತ್ತು ಎಂಬುದನ್ನು ಉಲ್ಲೇಖಿಸುವವರು ಬಿಟ್ಟುಬಿಡುತ್ತಾರೆ. 8ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಬಂದ ಪೋಪರ ಪ್ರತಿನಿಧಿಗಳು ಅನ್ಯಜನರ ಮೂಢನಂಬಿಕೆಯಿಂದ ಹಾಕಿಸಿಕೊಂಡ ಹಚ್ಚೆಯನ್ನು ಖಂಡಿಸಿದರು. ದೇವರಿಗಾಗಿ ಆ ನೋವು ತಿಂದರೆ ಮಾತು ಬೇರೆ ಎಂದರು. ಯಾಕಾಗಿ ಎಂಬುದೇ ಅವರಿಗೂ ಮುಖ್ಯವಾಗಿತ್ತು.

ಇಂದಿನ ಮಾತಿಗೆ ಬಂದರೆ, ಕ್ಯಾಥೋಲಿಕ್ ಸಭೆಯ ಧರ್ಮೋಪದೇಶ ಗ್ರಂಥದಲ್ಲಿ ಹಚ್ಚೆಗೆಂದೇ ನಿಷೇಧವಿಲ್ಲ. 2018ರ ಮಾರ್ಚ್‌ನಲ್ಲಿ ರೋಮಿನಲ್ಲಿ ಯುವಜನರೊಂದಿಗೆ ಮಾತಾಡುತ್ತ ಅಂದಿನ ಪೋಪ್ ಫ್ರಾನ್ಸಿಸ್, ಹಚ್ಚೆ ಕಂಡು ಹೆದರಬೇಡಿ ಎಂದರು, ಎರಿಟ್ರಿಯದ ಕ್ರೈಸ್ತರ ಹಣೆಯ ಶಿಲುಬೆಯನ್ನು ನೆನಪಿಸಿದರು, ಅತಿಯಾಗುವುದುಂಟು ಎಂದೂ ಸೇರಿಸಿದರು. ಸುವಾರ್ತಾ ಸಭೆಗಳಲ್ಲಿ ಒಂದೊಂದರದು ಒಂದೊಂದು ನಿಲುವು. ದಕ್ಷಿಣ ಭಾರತದ ಎಷ್ಟೋ ಪೆಂಟೆಕೋಸ್ಟ್ ಸಭೆಗಳಲ್ಲಿ ವಿಶ್ವಾಸಿಗಳು ಬಳೆ, ಓಲೆ, ಸರವನ್ನೇ ತೊಡುವುದಿಲ್ಲ. ಅಲ್ಲಿ ಹಚ್ಚೆಗೆ ಏನು ಉತ್ತರವೆಂದು ಕೇಳುವುದೇ ಬೇಡ.

ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಒಂದು ಚೀಟಿಯಲ್ಲಿ ‘ನಾನು ಈ ಹಚ್ಚೆ ಹಾಕಿಸಿಕೊಳ್ಳುವುದು ಯಾಕೆಂದರೆ’ ಎಂದು ಶುರುಮಾಡಿ ಒಂದೇ ವಾಕ್ಯದಲ್ಲಿ ಮುಗಿಸಿ. ಮೂರು ವಾಕ್ಯ ಬೇಕಾದರೆ ಕಾರಣ ಇನ್ನೂ ನಿಮಗೇ ಸ್ಪಷ್ಟವಿಲ್ಲ.

‘ಚೆಂದ ಕಾಣುತ್ತದೆ’ ಎಂಬುದು ಪ್ರಾಮಾಣಿಕ ಕಾರಣ. ಅದಕ್ಕೆ ಆತ್ಮಿಕ ಬಣ್ಣ ಹಚ್ಚಬೇಡಿ. ‘ಸಾಕ್ಷಿ ಹೇಳಲು ಅನುಕೂಲ’ ಎನ್ನುವವರು ಹಚ್ಚೆಯಿಲ್ಲದೆ ಕಳೆದ ವರ್ಷ ಎಷ್ಟು ಜನರೊಂದಿಗೆ ಯೇಸುವಿನ ಬಗ್ಗೆ ಮಾತಾಡಿದ್ದೇವೆಂದು ನೆನಪಿಸಿಕೊಳ್ಳಲಿ. ಬಾಯಿ ಮಾಡದ ಕೆಲಸವನ್ನು ತೋಳು ಮಾಡಲಾರದು. ‘ರಕ್ಷಣೆಗೆ, ದುಷ್ಟಶಕ್ತಿ ತಾಗದಿರಲಿ ಎಂದು’ ಎಂಬ ಕಾರಣವಿದ್ದರೆ ಅಲ್ಲಿಗೇ ನಿಲ್ಲಿಸಿ. ಆಗ ಶಿಲುಬೆ ತಾಯಿತವಾಗುತ್ತದೆ. ಸತ್ತಾಗ ನಮ್ಮೊಂದಿಗೆ ಬರುವುದು ಹಚ್ಚೆಯೊಂದೇ ಎಂಬ ಹಳ್ಳಿಯ ನಂಬಿಕೆ ಕ್ರೈಸ್ತರ ಮನೆಗಳಲ್ಲೂ ಅಡಗಿ ಕುಳಿತಿರುವುದುಂಟು. ಅದೂ ಇದೇ ಸಾಲಿಗೆ ಸೇರಿದ್ದು. ಪ್ರೇಮಿಯ ಹೆಸರು ಬರೆಸಿಕೊಳ್ಳುವವರಿಗೆ ಹೇಳುವುದು ಒಂದೇ: ಮದುವೆ ಆಗಲಿ, ಆಮೇಲೆ ನೋಡೋಣ.

ಮನೆಯವರು, ಸಭೆಯವರು

ತಂದೆತಾಯಿಯ ನೆರಳಿನಲ್ಲಿ, ಅವರ ದುಡ್ಡಿನಲ್ಲಿ ಇರುವವರೆಗೆ ಅವರು ಬೇಡವೆಂದರೆ ಬೇಡ. ಐದನೆಯ ಆಜ್ಞೆಗೆ ಇಲ್ಲಿ ಸುತ್ತುಬಳಸು ವ್ಯಾಖ್ಯಾನ ಬೇಕಿಲ್ಲ. (ಕ್ಯಾಥೋಲಿಕರ ಎಣಿಕೆಯಲ್ಲಿ ಅದು ನಾಲ್ಕನೆಯದು.) 18 ತುಂಬದವರು ಈ ಯೋಚನೆಯನ್ನೇ ಬದಿಗಿಡಿ, ಒಳ್ಳೆಯ ಸ್ಟುಡಿಯೋದವರು ಗುರುತಿನ ಚೀಟಿ ನೋಡದೆ ಸೂಜಿ ಮುಟ್ಟುವುದಿಲ್ಲ.

ಸಭಾಪಾಲಕರನ್ನೋ ಫಾದರನ್ನೋ ಹಾಕಿಸಿಕೊಳ್ಳುವ ಮುನ್ನ ಕೇಳಿ. ಆಮೇಲೆ ತೋರಿಸುವುದು ಕೇಳಿದಂತಾಗುವುದಿಲ್ಲ. ಭಾನುವಾರ ಶಾಲೆಯಲ್ಲಿ ಕಲಿಸುವವರು, ಗಾನವೃಂದದಲ್ಲಿ ಮುಂದೆ ನಿಲ್ಲುವವರು, ಸೆಮಿನರಿಗೆ ಅಥವಾ ಬೈಬಲ್ ಕಾಲೇಜಿಗೆ ಅರ್ಜಿ ಹಾಕುವವರು ಅಲ್ಲಿನ ನಿಯಮವನ್ನು ಬರವಣಿಗೆಯಲ್ಲೇ ತಿಳಿದುಕೊಂಡರೆ ಒಳ್ಳೆಯದು. ಹಳ್ಳಿಗಳಲ್ಲಿ ಸೇವೆ ಮಾಡುವ ಆಸೆಯಿದ್ದರೆ ಇನ್ನೂ ಒಂದು ಮಾತು. ಹಿಂದಿನ ದೇವರ ಹೆಸರಿನ ಹಚ್ಚೆಯ ರೂಢಿಯನ್ನು ಬಿಟ್ಟು ಬಂದ ಮೊದಲ ತಲೆಮಾರಿನ ವಿಶ್ವಾಸಿಗೆ ನಿಮ್ಮ ತೋಳಿನ ಶಿಲುಬೆ ಏನೆಂದು ಕಾಣುತ್ತದೆ? ‘ಆ ದೇವರಿಗೆ ಬದಲು ಈ ದೇವರು’ ಎಂದು ಆತ ಅರ್ಥಮಾಡಿಕೊಂಡರೆ ತಪ್ಪು ಅವನದಲ್ಲ. 1 ಕೊರಿಂಥ 8ರ ಎಡವುಗಲ್ಲು ಎಂದರೆ ಹೀಗಿರುತ್ತದೆ. ಮೂಗು ಮುರಿಯುವ ಹಿರಿಯರೊಬ್ಬರ ಅಸಮಾಧಾನ ಮಾತ್ರ ಎಡವುಗಲ್ಲಲ್ಲ. ಅವರು ಎಡವುವುದಿಲ್ಲ, ಗೊಣಗುತ್ತಾರೆ ಅಷ್ಟೆ. ಆದರೂ ಅವರನ್ನು ಕೆಣಕಬೇಕಿಲ್ಲ.

ಮದುವೆ ಮಾತುಕತೆಯಲ್ಲಿ ಹಚ್ಚೆ ಪ್ರಶ್ನೆಯಾಗುವುದುಂಟು. ಇದ್ದರೆ ಮೊದಲ ಭೇಟಿಯಲ್ಲೇ ಹೇಳಿಬಿಡಿ.

ಕೆಲಸ, ರಕ್ತದಾನ, ದೀಕ್ಷಾಸ್ನಾನ

ಸೇನೆಗೆ ಸೇರುವವರು ಗಮನಿಸಿ. ಭಾರತೀಯ ಸೇನೆಯ ನೇಮಕಾತಿಯಲ್ಲಿ ಶಾಶ್ವತ ಹಚ್ಚೆಗೆ ಅವಕಾಶವಿರುವುದು ಮೊಣಕೈಯ ಒಳಬದಿಯಿಂದ ಮಣಿಕಟ್ಟಿನವರೆಗೆ ಮತ್ತು ಅಂಗೈಯ ಹಿಂಬದಿಗೆ ಮಾತ್ರ. ಬುಡಕಟ್ಟುಗಳವರಿಗೆ ಅವರ ಸಂಪ್ರದಾಯದ ಹಚ್ಚೆಗೆ ರಿಯಾಯಿತಿ ಉಂಟು. ಸಿಆರ್‌ಪಿಎಫ್, ಬಿಎಸ್‌ಎಫ್‌ಗಳಂಥ ಕೇಂದ್ರ ಪಡೆಗಳ ನಿಯಮದಲ್ಲಿ ಧಾರ್ಮಿಕ ಚಿಹ್ನೆ, ಹೆಸರು ಇರಬಹುದು. ಆದರೆ ಮುಂಗೈಯ ಒಳಬದಿಗೆ ಹಾಕಿಸುವುದಾದರೆ ಎಡಗೈಗೆ ಮಾತ್ರ, ಯಾಕೆಂದರೆ ಸೆಲ್ಯೂಟ್ ಹೊಡೆಯುವುದು ಬಲಗೈ. ಗಾತ್ರ ಆ ಭಾಗದ ಕಾಲುಪಾಲಿಗಿಂತ ಕಡಿಮೆ ಇರಬೇಕು. ಕಾಪ್ಟಿಕರಂತೆ ಬಲ ಮಣಿಕಟ್ಟಿಗೆ ಶಿಲುಬೆ ಹಾಕಿಸಿಕೊಂಡ ಹುಡುಗ ಈ ಪಡೆಗಳ ವೈದ್ಯಕೀಯ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತಾನೆ. ನೇಮಕಾತಿಯ ಆಯಾ ವರ್ಷದ ಪ್ರಕಟಣೆ ನೋಡಿಯೇ ತೀರ್ಮಾನಿಸಿ.

ಹಚ್ಚೆ ಹಾಕಿಸಿಕೊಂಡ ಮೇಲೆ ಸಾಮಾನ್ಯವಾಗಿ 12 ತಿಂಗಳು ರಕ್ತದಾನ ಮಾಡುವಂತಿಲ್ಲ. ಸಭೆಯ ರಕ್ತದಾನ ಶಿಬಿರದಲ್ಲಿ ಪ್ರತಿವರ್ಷ ಮಲಗುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಯಾರೂ ಮುಂದಾಗಿ ಹೇಳದ ಸಂಗತಿ ಇನ್ನೊಂದು: ಹೊಸ ಹಚ್ಚೆ ತೆರೆದ ಗಾಯ. ಕೆರೆಯಲ್ಲೋ ಹೊಳೆಯಲ್ಲೋ ಮುಳುಗು ದೀಕ್ಷಾಸ್ನಾನ ತೆಗೆದುಕೊಳ್ಳುವವರು ಅದಕ್ಕೆ ಮುಂಚಿನ ನಾಲ್ಕು ವಾರಗಳಲ್ಲಿ ಹಚ್ಚೆ ಹಾಕಿಸಿಕೊಳ್ಳಬಾರದು. ನಿಂತ ನೀರಿನ ಸೂಕ್ಷ್ಮಜೀವಿಗಳು ಗಾಯದಲ್ಲಿ ಸೇರಿದರೆ ಕೀವಾಗುತ್ತದೆ. ದೀಕ್ಷಾಸ್ನಾನದ ನೆನಪಿಗೆ ಹಚ್ಚೆ ಬೇಕೆಂದವರು ಸ್ನಾನ ಮುಗಿಸಿ ಆಮೇಲೆ ಹೋಗಲಿ. ವೇಳಾಂಕಣಿ ಯಾತ್ರೆಯಲ್ಲಿ ಸಮುದ್ರಕ್ಕಿಳಿಯುವವರಿಗೂ ಇದೇ ಮಾತು.

ಒಂದು ವರ್ಷ ಗೋಡೆಯ ಮೇಲೆ

ಆರಿಸಿದ ಚಿತ್ರವನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ತೆಗೆದು ಕನ್ನಡಿಯ ಪಕ್ಕ ಅಂಟಿಸಿ, ಒಂದು ವರ್ಷ ಬಿಡಿ. ಲೆಂಟ್ ಎಂಬ ಉಪವಾಸ ಕಾಲವೂ ಕ್ರಿಸ್ಮಸ್ಸೂ ಅದರ ಮುಂದೆ ಹಾದುಹೋಗಲಿ. ನಡುವೆ ಬೇಕಿದ್ದರೆ ಒಂದೆರಡು ವಾರ ಉಳಿಯುವ ತಾತ್ಕಾಲಿಕ ಸ್ಟಿಕ್ಕರ್ ಹಾಕಿ ಸಭೆಗೆ, ಕಚೇರಿಗೆ ಹೋಗಿ ನೋಡಿ. ಅಂಗಡಿಯಲ್ಲಿ ಸಿಗುವ ಕಪ್ಪು ಮೆಹೆಂದಿ ಮಾತ್ರ ಬೇಡ. ಅದರಲ್ಲಿ ಕೂದಲ ಬಣ್ಣದ ಪಿಪಿಡಿ ರಾಸಾಯನಿಕ ಬೆರೆಸಿರುವುದುಂಟು, ಗುಳ್ಳೆ ಎದ್ದು ಕಲೆ ಉಳಿಯುತ್ತದೆ.

ಈ ವರ್ಷದಲ್ಲಿ ಹೆಪಟೈಟಿಸ್ ಬಿ ಲಸಿಕೆ ಮುಗಿಸಿಕೊಳ್ಳಿ: ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗಾಯವಾದ ಕಡೆ ಗಂಟಿನಂತೆ ಚರ್ಮ ಬೆಳೆಯುವ ಕೆಲಾಯ್ಡ್ ಇರುವವರು ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಬಸುರಿ ಬಾಣಂತಿಯರು ಕಾಯಲಿ.

ವಿನ್ಯಾಸದಲ್ಲಿ ಆಗುವ ತಪ್ಪುಗಳು

ಶಿಲುಬೆ ಯಾವ ದಿಕ್ಕಿಗೆ ಮುಖ ಮಾಡಿರಬೇಕೆಂದು ಮೊದಲೇ ತೀರ್ಮಾನಿಸಿ. ನೀವು ಕೈಯೆತ್ತಿ ನೋಡಿಕೊಂಡಾಗ ನೇರ ಕಾಣುವಂತೆ ಹಾಕಿಸಿದರೆ, ಕೈ ಇಳಿಬಿಟ್ಟಾಗ ಎದುರಿನವರಿಗೆ ಅದು ತಲೆಕೆಳಗಾದ ಶಿಲುಬೆ. ಅದು ತಲೆಕೆಳಗಾಗಿ ಶಿಲುಬೆಗೇರಿದರೆನ್ನುವ ಸಂತ ಪೇತ್ರರ ಶಿಲುಬೆಯೆಂದು ಸಮಜಾಯಿಷಿ ಹೇಳಬಹುದು, ಆದರೆ ನೋಡುವವರು ಸೈತಾನನ ಪಂಥದವನೆಂದೇ ತಿಳಿಯುತ್ತಾರೆ. ಕೈ ಇಳಿಬಿಟ್ಟು ನಿಂತಾಗ ನೇರವಾಗಿರುವುದೇ ಸರಿಯಾದ ರೂಢಿ. ಕಾಲು, ಸೊಂಟದ ಕೆಳಗೆ ಯೇಸುವಿನ ಮುಖ, ಮಾತೆ ಮರಿಯಳ ಚಿತ್ರ ಬೇಡ. ನಮ್ಮ ಜನರ ಕಣ್ಣಿಗೆ ಅದು ಅಗೌರವ. ಮುಖದ ಚಿತ್ರವಾದರೆ ಕನಿಷ್ಠ ಅಂಗೈಯಗಲ ಬೇಕು. ಚಿಕ್ಕದಾದರೆ ಕೆಲವು ವರ್ಷಗಳಲ್ಲಿ ಮಸಿ ಹರಡಿ ಕಣ್ಣು ಬಾಯಿ ಒಂದಾಗುತ್ತವೆ.

ಕನ್ನಡದಲ್ಲಿ ವಚನ ಬರೆಸುವವರಿಗೆ ವಿಶೇಷ ಎಚ್ಚರಿಕೆ. ವಿನ್ಯಾಸದ ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆಯುವುದು ಮಾಮೂಲು. ‘ಕ್ರಿಸ್ತ’ ಹೋಗಿ ‘ಕ್‌ರಿಸ್‌ತ’ ಆಗುತ್ತದೆ, ‘ಕರ್ತನು’ ಎಂಬುದರ ಅರ್ಕಾವತ್ತು ತನ್ನ ಜಾಗ ಬಿಟ್ಟು ‘ಕರ್‌ತನು’ ಆಗುತ್ತದೆ. ಕಲಾವಿದನಿಗೆ ಕನ್ನಡ ಓದಲು ಬಾರದಿದ್ದರೆ ಅವನು ಅದನ್ನು ಚಿತ್ರವೆಂದುಕೊಂಡು ಹಾಗೆಯೇ ಚುಚ್ಚುತ್ತಾನೆ. ‘ಕೃಪೆ’ಯನ್ನು ‘ಕ್ರಪೆ’ ಎಂದು ಬರೆಸಿಕೊಂಡರೆ ಜೀವನಪೂರ್ತಿ ತಿದ್ದಲಾಗದ ಕಾಗುಣಿತ ತಪ್ಪು. ಆದ್ದರಿಂದ ಒಳ್ಳೆಯ ಕೈಬರಹದವರಿಂದ ಬರೆಸಿ, ಅದನ್ನೇ ಸ್ಕ್ಯಾನ್ ಮಾಡಿಸಿ ಕೊಡಿ. ಅಕ್ಷರದ ಎತ್ತರ ಒಂದು ಸೆಂಟಿಮೀಟರಿಗೆ ಕಡಿಮೆಯಾಗದಿರಲಿ. ನಮ್ಮ ಲಿಪಿಯ ಸುರುಳಿಗಳೂ ಒತ್ತುಗಳೂ ಮಸಿ ಹರಡಿದಂತೆ ಮುಚ್ಚಿಕೊಳ್ಳುತ್ತವೆ. ಚರ್ಮದ ಮೇಲೆ ಸ್ಟೆನ್ಸಿಲ್ ಒತ್ತಿದ ಮೇಲೆ, ಸೂಜಿ ಶುರುವಾಗುವ ಮುನ್ನ, ಕನ್ನಡ ಬಲ್ಲ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ. ಫೋನಿನ ಸೆಲ್ಫಿಯಲ್ಲಿ ನೋಡಬೇಡಿ, ಅದು ಎಡಬಲ ತಿರುಗಿಸಿ ತೋರಿಸಬಹುದು.

ಹೀಬ್ರೂ ಆರಿಸುವವರು ಅದು ಬಲದಿಂದ ಎಡಕ್ಕೆ ಓದುವ ಲಿಪಿಯೆಂದು ನೆನಪಿಡಿ. ತಂತ್ರಾಂಶ ಅಕ್ಷರಗಳ ಸಾಲನ್ನು ತಿರುವುಮುರುವು ಮಾಡಿದರೆ ಅಂಗಡಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಯಾವ ಅನುವಾದವೆಂಬುದನ್ನೂ ನೋಡಿಕೊಳ್ಳಿ: ಪ್ರೊಟೆಸ್ಟೆಂಟರ ಸತ್ಯವೇದದಲ್ಲಿ ‘ಯೆಹೋವ’ ಎಂದಿರುವ ಕಡೆ ಕ್ಯಾಥೋಲಿಕರ ಅನುವಾದದಲ್ಲಿ ‘ಸರ್ವೇಶ್ವರ’ ಎಂದಿರುತ್ತದೆ.

ವಚನದ ಹಿಂದುಮುಂದನ್ನೂ ಓದಿ. ಜಿಮ್ಮಿಗೆ ಹೋಗುವವರ ತೋಳಿನ ಮೇಲೆ ಹೆಚ್ಚಾಗಿ ಕಾಣುವ ಫಿಲಿಪ್ಪಿ 4:13 ಭಾರ ಎತ್ತುವ ಶಕ್ತಿಯ ಮಾತಲ್ಲ. ಹಸಿವಿದ್ದರೂ ತೃಪ್ತಿಯಿದ್ದರೂ ಒಂದೇ ಸಮನಾಗಿರಲು ಕಲಿತಿದ್ದೇನೆ ಎಂಬ ಹಿಂದಿನ ವಚನದ ಮುಂದುವರಿಕೆ. ಯೆರೆಮೀಯ 29:11ರ ಒಳ್ಳೆಯ ಭವಿಷ್ಯದ ವಾಗ್ದಾನ 70 ವರ್ಷ ಸೆರೆಯಲ್ಲಿ ಕಳೆಯಬೇಕಾದವರಿಗೆ ಕೊಟ್ಟದ್ದು. ಅದನ್ನು ತಿಳಿದು ಬರೆಸಿಕೊಂಡರೆ ಅದರ ಬೆಲೆಯೇ ಬೇರೆ.

ಅಂಗಡಿಯಲ್ಲಿ, ಆಮೇಲೆ ಮನೆಯಲ್ಲಿ

ಜಾತ್ರೆಯಲ್ಲಿ, ಚರ್ಚಿನ ಹಬ್ಬದ ಸಂತೆಯಲ್ಲಿ ಸಾಲಾಗಿ ಕೂರಿಸಿ ಚುಚ್ಚುವವರಲ್ಲಿಗೆ ಹೋಗಬೇಡಿ. ಒಂದೇ ಸೂಜಿ, ಒಂದೇ ಬಟ್ಟಲಿನ ಮಸಿ ಹಲವರಿಗೆ ಬಳಕೆಯಾದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡಬಹುದು. ಸೂಜಿ ಒಂದೆರಡು ಮಿಲಿಮೀಟರ್ ಒಳಗೆ, ರಕ್ತನಾಳಗಳಿರುವ ಪದರಕ್ಕೇ ಇಳಿಯುತ್ತದೆ. ಸ್ಟುಡಿಯೋದಲ್ಲಿ ನೋಡಬೇಕಾದದ್ದು: ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಬೇಕು, ಮಸಿಯನ್ನು ಒಮ್ಮೆ ಬಳಸಿ ಎಸೆಯುವ ಪುಟ್ಟ ಬಟ್ಟಲಿಗೆ ಸುರಿಯಬೇಕು, ಉಳಿದದ್ದನ್ನು ಸೀಸೆಗೆ ಮರಳಿ ಹಾಕಬಾರದು, ಕೈಗವಸು ಹೊಸದಿರಬೇಕು, ಫೋನ್ ಮುಟ್ಟಿದರೆ ಬದಲಾಯಿಸಬೇಕು. ಇದರಲ್ಲಿ ಒಂದು ತಪ್ಪಿದರೂ ಮುಂಗಡ ಹೋದರೆ ಹೋಗಲಿ ಎಂದು ಎದ್ದು ಬನ್ನಿ. ಬಣ್ಣಗಳಲ್ಲಿ ಕೆಂಪಿಗೆ ಅಲರ್ಜಿ ಹೆಚ್ಚು. ಕಪ್ಪು ಒಂದೇ ಸಾಕು.

ಮನೆಗೆ ಬಂದ ಮೇಲೆ ದಿನಕ್ಕೆರಡು ಸಲ ವಾಸನೆಯಿಲ್ಲದ ಸೋಪು, ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ಸ್ಟುಡಿಯೋದವರು ಹೇಳಿದ ಮುಲಾಮನ್ನು ತೆಳ್ಳಗೆ ಹಚ್ಚಿ. ಅಜ್ಜಿ ಹೇಳಿದರೆಂದು ಅರಿಸಿನ, ಕೊಬ್ಬರಿ ಎಣ್ಣೆ ಬಳಿಯಬೇಡಿ. ಪೊರೆ ಏಳುವಾಗ ಕೆರೆಯಬಾರದು, ಕೆರೆದಲ್ಲಿ ಮಸಿ ಎದ್ದು ಬಿಳಿ ಚುಕ್ಕೆ ಉಳಿಯುತ್ತದೆ. ಮೇಲ್ಮೈ ಮಾಯಲು ಎರಡರಿಂದ ನಾಲ್ಕು ವಾರ. ಅಲ್ಲಿಯವರೆಗೆ ಈಜು, ಬಿಸಿಲು, ಬಿಗಿ ಬಟ್ಟೆ ಬೇಡ. ಕೆಂಪು ಸುತ್ತ ಹರಡುತ್ತಿದ್ದರೆ, ಕೀವು ಕಂಡರೆ, ಜ್ವರ ಬಂದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ. ಪ್ರಾರ್ಥನೆ ದಾರಿಯುದ್ದಕ್ಕೂ ಮಾಡಬಹುದು.

ಈಗಾಗಲೇ ಇರುವವರಿಗೆ

ನಂಬಿಕೆಗೆ ಬರುವ ಮುಂಚೆ ಹಾಕಿಸಿಕೊಂಡ ಹಚ್ಚೆ ದೀಕ್ಷಾಸ್ನಾನಕ್ಕೂ ಕರ್ತನ ಭೋಜನಕ್ಕೂ ಅಡ್ಡಿಯಲ್ಲ. ಮನೆಮನೆಗೆ ಬರುತ್ತಿದ್ದ ಹಚ್ಚೆಯವಳಿಂದ ಚಿಕ್ಕಂದಿನಲ್ಲಿ ಕೈತುಂಬ ಚುಚ್ಚಿಸಿಕೊಂಡ ಅಜ್ಜಿಗೆ ಅದನ್ನು ಅಳಿಸಿಕೊಂಡು ಬಾ ಎನ್ನುವ ಸಭೆ ಅವಳ ಮೇಲೆ ಅನ್ಯಾಯದ ಹೊರೆ ಹೊರಿಸುತ್ತದೆ. ಅವಳಿಗೇ ದೇವತೆಯ ಹೆಸರು ಕಂಡಾಗಲೆಲ್ಲ ಮನಸ್ಸು ಚುಚ್ಚುತ್ತಿದ್ದರೆ ಆಗ ತೆಗೆಸುವ ಮಾತು. ಬೇರೆ ಚಿತ್ರದಿಂದ ಮುಚ್ಚಿಸುವುದು ಅಗ್ಗದ ದಾರಿ, ಆದರೆ ಹೊಸದು ಹಳೆಯದಕ್ಕಿಂತ ಎರಡು ಮೂರು ಪಟ್ಟು ದೊಡ್ಡದಾಗುತ್ತದೆ.

ಲೇಸರ್‌ಗೆ ಹೋಗುವವರು ಚರ್ಮರೋಗ ತಜ್ಞರಲ್ಲಿಗೇ ಹೋಗಿ, ಬ್ಯೂಟಿ ಪಾರ್ಲರಿಗಲ್ಲ. ನಮ್ಮಂಥ ಕಂದು ಚರ್ಮಕ್ಕೆ 1064 ನ್ಯಾನೋಮೀಟರ್ ಅಲೆಯ ಎನ್‌ಡಿ ಯಾಗ್ ಲೇಸರ್ ಹೆಚ್ಚು ಸುರಕ್ಷಿತ, ಅದು ಕಪ್ಪು ಮಸಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಟುಡಿಯೋದ ಹಚ್ಚೆಗೆ ಆರರಿಂದ ಹತ್ತು ಸಲ, ಕೆಲವೊಮ್ಮೆ ಹೆಚ್ಚು, ಒಂದರಿಂದ ಇನ್ನೊಂದಕ್ಕೆ ಆರರಿಂದ ಎಂಟು ವಾರದ ಬಿಡುವು. ಅಂದರೆ ವರ್ಷವೇ ಹಿಡಿಯಬಹುದು. ದೀಪದ ಮಸಿಯ ಹಳೆಯ ಹಚ್ಚೆ ಬೇಗ ಮಾಸುತ್ತದೆ, ಹಸಿರು ಹಳದಿ ಬಣ್ಣಗಳು ಹಟಮಾರಿ. ಅವಸರದಲ್ಲಿ ಶಕ್ತಿ ಹೆಚ್ಚಿಸಿದರೆ ಹಚ್ಚೆ ಹೋಗಿ ಅದೇ ಆಕಾರದ ಬಿಳಿ ಕಲೆ ಉಳಿಯುತ್ತದೆ. ಅದಕ್ಕೇ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಾರ್ಥ ಒಂದೆರಡು ಚುಕ್ಕೆ ಹೊಡೆಸಿ, ಆರು ವಾರ ಕಾದು, ಚರ್ಮ ಹೇಗೆ ಮಾಯಿತೆಂದು ನೋಡಿ ಉಳಿದದ್ದಕ್ಕೆ ಒಪ್ಪಿಗೆ ಕೊಡಿ.